ವೇಲ್ಸ್‌ನ ಹಳೆಯ ಇಟ್ಟಿಗೆಯ ತೋಟದಮನೆಯ ವಯಸ್ಸು ಕಂಡುಹಿಡಿಯುವ ಬಗೆ

ವೇಲ್ಸ್‌ನಲ್ಲಿ ಇಟ್ಟಿಗೆಯ ತೋಟದಮನೆಯೊಂದರ ಚರಿತ್ರೆಯನ್ನು ಹುಡುಕಹೊರಟವರು ಮುಂಭಾಗದ ಕೆಂಪು ಗೋಡೆಯ ಮಾತನ್ನು ಸುಲಭವಾಗಿ ನಂಬಬಾರದು. ಆ ನಾಡಿನ ಹಳೆಯ ಮನೆಗಳು ಬಹುಪಾಲು ಕಲ್ಲಿನವು. ಪೂರ್ವದ ಗಡಿಸೀಮೆಯಲ್ಲಿ, ಅದರಲ್ಲೂ ಸೆವರ್ನ್ ಕಣಿವೆಯಲ್ಲಿ, ಓಕ್ ಮರದ ಚೌಕಟ್ಟಿನವು. ಇಟ್ಟಿಗೆ ಬಂದದ್ದು ತಡವಾಗಿ. ಆಂಟ್‌ವರ್ಪ್‌ನಲ್ಲಿ ವ್ಯಾಪಾರ ನಡೆಸುತ್ತಿದ್ದ ಸರ್ ರಿಚರ್ಡ್ ಕ್ಲಫ್ 1567ರ ಸುಮಾರಿಗೆ ಈಶಾನ್ಯ ವೇಲ್ಸ್‌ನ ಟ್ರೆಮೈರ್ಕಿಯಾನ್ ಬಳಿ ಬಾಖ್-ಅ-ಗ್ರೈಗ್ ಎಂಬ ಇಟ್ಟಿಗೆಯ ಮನೆ ಕಟ್ಟಿಸಿದಾಗ, ಅದು ಸೈತಾನನ ಕೈವಾಡವೆಂಬ ಕಥೆಯೇ ಹುಟ್ಟಿಕೊಂಡಿತು. ಸಾಮಾನ್ಯ ರೈತರ ಮನೆಗಳಿಗೆ ಇಟ್ಟಿಗೆ ಇಳಿದುಬರಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು. ಬಂದಾಗಲೂ ಎಷ್ಟೋ ಕಡೆ ಅದು ಹಳೆಯ ಮರದ ಚೌಕಟ್ಟಿನ ಮೇಲೆ ತೊಡಿಸಿದ ಹೊಸ ಅಂಗಿಯಾಗಿತ್ತು.

ಆದ್ದರಿಂದ ಪರೀಕ್ಷೆಯನ್ನು ಒಳಗಿನಿಂದ ಆರಂಭಿಸುವುದು ಒಳ್ಳೆಯದು. ಬಾಗಿಲು ತೆರೆದೊಡನೆ ಎದುರಿಗೆ ದೊಡ್ಡ ಚಿಮಣಿಯ ಪಕ್ಕೆಯೇ ಅಡ್ಡ ನಿಂತಿದ್ದು, ಅದರ ಎಡಬಲಗಳಲ್ಲಿ ಕೋಣೆಗಳಿದ್ದರೆ, ಮನೆಯ ಮೂಲರೂಪ 17ನೇ ಶತಮಾನದ್ದೋ ಅದಕ್ಕಿಂತ ಸ್ವಲ್ಪ ಹಿಂದಿನದೋ ಆಗಿರುವ ಸಾಧ್ಯತೆ ಹೆಚ್ಚು. ಮಧ್ಯ ವೇಲ್ಸ್‌ನ ಮಾಂಟ್‌ಗಮರಿ ಸೀಮೆಯಲ್ಲಿ ಈ ವಿನ್ಯಾಸ ಹೇರಳವಾಗಿದೆ. ಬಳಿಕ ಟಾರ್ಚ್ ಹಿಡಿದು ಅಟ್ಟ ಹತ್ತಬೇಕು. ಕೆಳಗಿನ ಕೋಣೆಗಳಿಗೆ ಪ್ರತಿ ತಲೆಮಾರೂ ಗಿಲಾವು ಬಳಿದಿರುತ್ತದೆ, ಅಟ್ಟದ ಗೊಡವೆಗೆ ಯಾರೂ ಹೋಗಿರುವುದಿಲ್ಲ. ಗೋಡೆಯ ನೆತ್ತಿಯಲ್ಲಿ ಮಲಗಿರುವ ಓಕ್ ತೊಲೆಯ ಅಡಿಭಾಗವನ್ನು ಬೆರಳಿನಿಂದ ತಡವಿ ನೋಡಿದಾಗ, ಮತ್ತೊಂದು ಮರದ ಮೊನೆ ಕೂರಲೆಂದು ಕೊರೆದ ತೂತುಗಳು ಖಾಲಿಯಾಗಿ ಸಿಕ್ಕಿದರೆ, ಆ ಜಾಗದಲ್ಲಿ ಹಿಂದೆ ಇದ್ದದ್ದು ಮರದ ಗೋಡೆಯೆಂದೂ ಇಟ್ಟಿಗೆ ಅನಂತರದ್ದೆಂದೂ ಬಹುಮಟ್ಟಿಗೆ ತೀರ್ಮಾನಿಸಬಹುದು; ಆದರೆ ಆ ತೊಲೆಯೇ ಬೇರೆ ಕಟ್ಟಡದಿಂದ ತಂದದ್ದಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಮರದ ವಾರ್ಷಿಕ ಉಂಗುರಗಳನ್ನು ಅಳೆದು ಹೋಲಿಸುವ ಪರಿಣತರು, ತೊಗಟೆಯ ಅಂಚು ಉಳಿದಿದ್ದರೆ, ಮರ ಕಡಿದ ವರ್ಷವನ್ನೇ ಹೇಳಬಲ್ಲರು. ಮನೆ ಸಂರಕ್ಷಿತ ಪಟ್ಟಿಯಲ್ಲಿದ್ದರೆ, ಉಂಗುರಗಳ ಮಾದರಿಗಾಗಿ ತೊಲೆಯನ್ನು ಕೊರೆಯುವ ಮುನ್ನ ಸ್ಥಳೀಯ ಯೋಜನಾ ಪ್ರಾಧಿಕಾರವನ್ನು ಕೇಳಬೇಕು.

ಇಟ್ಟಿಗೆಯ ಸರದಿ ಈಗ. ಒಂದೇ ಇಟ್ಟಿಗೆಯನ್ನು ಅಳೆಯಬೇಡಿ. ಕೈಯಿಂದ ಅಚ್ಚು ಹಾಕಿದ ಎರಡು ಇಟ್ಟಿಗೆಗಳು ಸಮನಾಗಿರುವುದಿಲ್ಲ. ನಾಲ್ಕು ವರಸೆಗಳನ್ನು ಗಾರೆಯ ಸಂದುಗಳ ಸಮೇತ, ಗೋಡೆಯ ಬೇರೆ ಬೇರೆ ಕಡೆ ಅಳೆದು ಬರೆದುಕೊಳ್ಳಿ. ಸುಮಾರು 2¼ ಅಂಗುಲ ದಪ್ಪದ ತೆಳು ಇಟ್ಟಿಗೆ ಹಳೆಯ ಕಾಲವನ್ನೂ, 3 ಅಂಗುಲದ ಸಮೀಪದ್ದು 19ನೇ ಶತಮಾನವನ್ನೂ ಸೂಚಿಸುತ್ತದೆ. ಇದಕ್ಕೆ ತೆರಿಗೆಯೂ ಒಂದು ಕಾರಣ. 1784ರಲ್ಲಿ ಸರ್ಕಾರವು ಸಾವಿರ ಇಟ್ಟಿಗೆಗೆ 2 ಶಿಲಿಂಗ್ 6 ಪೆನ್ಸ್ ಸುಂಕ ವಿಧಿಸಿತು. ಲೆಕ್ಕ ಎಣಿಕೆಯ ಮೇಲಿದ್ದುದರಿಂದ ಕೆಲವು ತಯಾರಕರು ಗಾತ್ರ ಹಿಗ್ಗಿಸಿದರು. 1803ರಲ್ಲಿ 150 ಘನ ಅಂಗುಲ ಮೀರಿದವಕ್ಕೆ ದುಪ್ಪಟ್ಟು ಸುಂಕ ಬಿತ್ತು. 1850ರಲ್ಲಿ ತೆರಿಗೆಯೇ ರದ್ದಾಯಿತು. ಆದರೂ ದಪ್ಪವೊಂದನ್ನೇ ಸಾಕ್ಷಿಯಾಗಿ ಹಿಡಿಯುವುದು ಸರಿಯಲ್ಲ, ಏಕೆಂದರೆ ಕೆಡವಿದ ಮನೆಯ ಇಟ್ಟಿಗೆಯನ್ನು ಯಾವ ರೈತನೂ ಎಸೆಯುತ್ತಿರಲಿಲ್ಲ. ಅಂಚು ಚೂಪಾಗಿ, ಮೈ ನುಣುಪಾಗಿ, ಒಂದೇ ಸಮನೆ ಗಾಢ ಕೆಂಪಾಗಿರುವ ಇಟ್ಟಿಗೆ ಕಂಡರೆ ಅದು ಈಶಾನ್ಯ ವೇಲ್ಸ್‌ನ ರುವಾಬನ್ ಸೀಮೆಯ ಕಾರ್ಖಾನೆಯದಾಗಿರಬಹುದು. ಅಂಥ ಗೋಡೆ ಬಹುಶಃ 19ನೇ ಶತಮಾನದ ಉತ್ತರಾರ್ಧದ್ದೋ ಅದರ ಈಚಿನದೋ. ಸಂದುಗಳಲ್ಲಿ ಉಗುರಿಗೆ ಉದುರುವ ಸುಣ್ಣದ ಗಾರೆಯ ಬದಲು ಗಡಸು ಸಿಮೆಂಟ್ ಇದ್ದರೆ ಅದು ಈಚಿನ ದುರಸ್ತಿ, ಮತ್ತು ಹಳೆಯ ಮೆದು ಇಟ್ಟಿಗೆಗೆ ಹಾನಿಕರವಾದದ್ದು.

ಕಾಗದಪತ್ರಗಳ ಪೈಕಿ ಮೊದಲು ನೋಡಬೇಕಾದದ್ದು ಟೈಥ್ ನಕ್ಷೆ, ಅಂದರೆ ಚರ್ಚಿಗೆ ಸಲ್ಲುತ್ತಿದ್ದ ದಶಾಂಶ ಕಾಣಿಕೆಯ ಲೆಕ್ಕಕ್ಕೆಂದು ಮಾಡಿದ ಹೊಲಗಳ ನಕ್ಷೆ. 1836ರ ಕಾಯಿದೆಯನ್ವಯ ಸಿದ್ಧವಾದ ಈ ನಕ್ಷೆಗಳು ಆಬರಿಸ್ಟ್‌ವಿತ್‌ನ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಜೊತೆಗಿರುವ ಪಟ್ಟಿಯಲ್ಲಿ ಒಡೆಯ, ಗೇಣಿದಾರ ಮತ್ತು ಹಲವೆಡೆ ಪ್ರತಿ ಹೊಲದ ಹೆಸರೂ ಇರುತ್ತದೆ. 1858ಕ್ಕಿಂತ ಹಿಂದಿನ ಉಯಿಲುಗಳೂ ಅಲ್ಲೇ ಇವೆ. ಕೆಲವಕ್ಕೆ ಲಗತ್ತಾದ ಸ್ವತ್ತಿನ ಪಟ್ಟಿ ಮನೆಯ ಸಾಮಾನನ್ನು ಕೋಣೆ ಕೋಣೆಯಾಗಿ ಎಣಿಸುವುದರಿಂದ, ಆಗ ಎಷ್ಟು ಕೋಣೆಗಳಿದ್ದವೆಂಬುದು ಹೊರಬೀಳುತ್ತದೆ.

ವೆಲ್ಷ್ ಭಾಷೆಯ ಹೊಲಗಳ ಹೆಸರಿನಲ್ಲಿ ‘ಕೈ’ ಎಂದರೆ ಹೊಲ, ‘ಬ್ರಿಕ್ಸ್’ ಎಂದರೆ ಇಟ್ಟಿಗೆ, ‘ಓಡಿನ್’ ಎಂದರೆ ಗೂಡು. ಕೊನೆಯದು ಸುಣ್ಣದ ಗೂಡೋ ಕಾಳು ಒಣಗಿಸುವ ಗೂಡೋ ಆಗಿರಬಹುದಾದ್ದರಿಂದ ಆ ಹೆಸರೊಂದೇ ಸಾಲದು. ರೈಲು ಬರುವ ಮುನ್ನ ಇಟ್ಟಿಗೆಯನ್ನು ದೂರದಿಂದ ಸಾಗಿಸುವುದು ದುಬಾರಿಯಾಗಿದ್ದು, ಎಷ್ಟೋ ಮನೆಗಳಿಗೆ ಪಕ್ಕದ ಹೊಲದ ಜೇಡಿಯನ್ನೇ ಅಗೆದು ಸುಟ್ಟಿದ್ದಾರೆ. ಅಂಥ ಹೆಸರು ಸಿಕ್ಕಿದರೆ, ಈಗಿನ ರೈತರ ಅಪ್ಪಣೆ ಪಡೆದು, ಮಳೆ ನಿಂತ ಮರುದಿನ ಅಲ್ಲಿಗೆ ಹೋಗಿ ನೀರು ನಿಂತ ತಗ್ಗನ್ನು ಹುಡುಕಿ. ಅದರ ಅಂಚಿನಲ್ಲಿ ಅತಿಯಾಗಿ ಬೆಂದು ನೀಲಿಗಪ್ಪಾಗಿ ಸೊಟ್ಟಗಾದ ಚೂರೊಂದು ಕಂಡರೆ, ಅದರ ಒಡೆದ ಮೈಯಲ್ಲಿರುವ ಹರಳುಗಳನ್ನು ಮನೆಯ ಗೋಡೆಯ ಮುರಿದ ಇಟ್ಟಿಗೆಯ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ.