ಮದುವೆ ನೋಂದಣಿ: ಯಾವ ಕಾಯ್ದೆ, ಏನೇನು ಕಾಗದ

ಗೌರಿಬಿದನೂರಿನಲ್ಲಿ ನಾನು ಪತ್ರ ಬರೆಯುವ ಕೆಲಸದವಳು. ಕ್ರಯಪತ್ರ, ವಿಭಾಗಪತ್ರಗಳ ಜೊತೆಗೆ ಮದುವೆ ನೋಂದಣಿ ಕೇಳಿಕೊಂಡು ಬರುವ ಜೋಡಿಗಳೂ ಉಂಟು. ಅವರನ್ನು ಮೊದಲು ಕೇಳುವುದು ಇದೇ: ಮದುವೆ ಆಗಿದೆಯಾ, ಇನ್ನು ಆಗಬೇಕಾ?

ಶಾಸ್ತ್ರದಂತೆ ಆಗಿದ್ದರೆ 1955ರ ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ. ಧಾರೆ, ತಾಳಿ, ಸಪ್ತಪದಿ, ನಿಮ್ಮ ಮನೆತನದ ಪದ್ಧತಿ ಯಾವುದೋ ಅದು ನಡೆದಿರಲೇಬೇಕು. ಶಾಸ್ತ್ರವೇ ಆಗದೆ ಬರೀ ಸರ್ಟಿಫಿಕೇಟ್ ಪಡೆದರೆ ಅದು ಮದುವೆಯಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ವೀಸಾಕ್ಕೆ ಬೇಕು, ಈಗ ಸರ್ಟಿಫಿಕೇಟ್ ಮಾಡಿಸಿಕೊಡಿ, ಆಷಾಢ ಕಳೆದ ಮೇಲೆ ಮದುವೆ’ ಅನ್ನುವವರ ಅರ್ಜಿಯನ್ನು ನಾನು ಬರೆಯುವುದಿಲ್ಲ.

ಧರ್ಮ ಬೇರೆಯಾದವರಿಗೆ, ಶಾಸ್ತ್ರ ಬೇಡ ಅನ್ನುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇಬ್ಬರಲ್ಲಿ ಒಬ್ಬರಾದರೂ, ಮದುವೆಯಾಗುತ್ತೇವೆಂದು ವಿವಾಹ ಅಧಿಕಾರಿಗೆ ನೋಟಿಸ್ ಕೊಡುವ ಮೊದಲು, ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು. ನೋಟಿಸನ್ನು ಕಚೇರಿಯ ಬೋರ್ಡಿಗೆ ಹಾಕುತ್ತಾರೆ, ಆಕ್ಷೇಪಣೆಗೆ 30 ದಿನ. ಹುಡುಗಿಯ ಕಾಯಂ ವಿಳಾಸ ಹಿಂದೂಪುರವಾದರೆ ಅಲ್ಲಿನ ಬೋರ್ಡಿಗೂ ಒಂದು ಪ್ರತಿ ಹೋಗುತ್ತದೆ. ಮನೆಯವರ ವಿರೋಧ ಇದ್ದವರು ಇದನ್ನು ತಿಳಿದೇ ಹೆಜ್ಜೆ ಇಡಬೇಕು. ಆದರೆ ಹೆದರಬೇಡಿ. ಜಾತಿ ಬೇರೆ, ಅಪ್ಪನಿಗೆ ಒಪ್ಪಿಗೆಯಿಲ್ಲ ಎಂಬುದು ಆಕ್ಷೇಪಣೆಯೇ ಅಲ್ಲ. ವಯಸ್ಸು, ಇನ್ನೂ ಊರ್ಜಿತದಲ್ಲಿರುವ ಮೊದಲ ಮದುವೆ, ಮಾನಸಿಕ ಸ್ಥಿತಿ, ನಿಷಿದ್ಧ ಸಂಬಂಧ (ಕಾಯ್ದೆ ಮದುವೆ ಕೂಡದು ಎಂದಿರುವ ಹತ್ತಿರದ ನೆಂಟಸ್ತಿಕೆ), ಇಷ್ಟರ ಮೇಲೆ ಮಾತ್ರ ಯಾರಾದರೂ ತಕರಾರು ಎತ್ತಬಹುದು. ಅವಧಿ ಮುಗಿದ ಮೇಲೆ ಮೂವರು ಸಾಕ್ಷಿಗಳೊಂದಿಗೆ ಹೋಗಿ. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಹೊಸ ನೋಟಿಸ್.

ವಯಸ್ಸು ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. ಜಾತಕ ನಡೆಯುವುದಿಲ್ಲ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ ತನ್ನಿ. ಒಂದು ತಿಂಗಳು ಕಡಿಮೆಯಿದ್ದರೂ ನನ್ನ ಉತ್ತರ ‘ಆಗಲ್ಲಮ್ಮ’ ಎಂದೇ. ಕರ್ನಾಟಕದಲ್ಲಿ ಬಾಲ್ಯವಿವಾಹ ಮೂಲದಲ್ಲೇ ಅಸಿಂಧು.

ಅಕ್ಕನ ಮಗಳನ್ನು ತರುವ ರೂಢಿ ನಮ್ಮ ಕಡೆ ಇದೆಯಲ್ಲ, ಹಿಂದೂ ವಿವಾಹ ಕಾಯ್ದೆ ಆ ರೂಢಿಗೆ ಅವಕಾಶ ಕೊಟ್ಟಿದೆ. ವಿಶೇಷ ವಿವಾಹ ಕಾಯ್ದೆಯ ನಿಷಿದ್ಧ ಪಟ್ಟಿಯಲ್ಲಿ ಮಾತ್ರ ಆ ಸಂಬಂಧವೂ ಇದೆ, ಅತ್ತೆಮಗಳು, ಮಾವನ ಮಗಳ ಸಂಬಂಧವೂ ಇದೆ. ಹಾಗಿದ್ದವರು ನೋಟಿಸಿಗೆ ಮುಂಚೆ ವಕೀಲರನ್ನು ಕಾಣಿ.

ಇನ್ನು ಕಾಗದ: ಲಗ್ನಪತ್ರಿಕೆ, ಮದುವೆಯ ಫೋಟೊ, ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಸಾಕ್ಷಿಗಳ ಗುರುತಿನ ಚೀಟಿ. ಮುಂಚೆ ಮದುವೆಯಾಗಿ ವಿಚ್ಛೇದನ ಆಗಿದ್ದರೆ ಕೋರ್ಟಿನ ಡಿಕ್ರಿಯ (ತೀರ್ಪಿನ ಆದೇಶದ) ಪ್ರತಿ, ಸಂಗಾತಿ ತೀರಿಹೋಗಿದ್ದರೆ ಮರಣ ಪ್ರಮಾಣಪತ್ರ. ಹೆಚ್ಚು ಕಾಟ ಕೊಡುವುದು ಹೆಸರು. ಅಂಕಪಟ್ಟಿಯಲ್ಲಿ ನಾಗವೇಣಿ ಎನ್., ಆಧಾರ್‌ನಲ್ಲಿ ನಾಗವೇಣಮ್ಮ, ಲಗ್ನಪತ್ರಿಕೆಯಲ್ಲಿ ಮನೆಯಲ್ಲಿ ಕರೆಯುವ ಮುದ್ದಿನ ಹೆಸರು! ಪತ್ರಿಕೆ ಅಚ್ಚಿಗೆ ಕೊಡುವ ದಿನವೇ ಆಧಾರ್ ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ. ಆಧಾರ್ ತಿದ್ದುಪಡಿ ಬೇಕಿದ್ದರೆ ಮದುವೆಗೆ ಮುಂಚೆಯೇ ಮುಗಿಸಿ.

ಹಿಂದೂ ವಿವಾಹ ನೋಂದಣಿಗೆ ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್‌ನಲ್ಲೂ ಅರ್ಜಿ ಹಾಕಬಹುದು. ಮದುವೆಯಾಗಿ ವರ್ಷಗಳಾಗಿದ್ದರೂ ಪರವಾಗಿಲ್ಲ, ನೋಂದಣಿ ಆಗಿಲ್ಲವೆಂದು ಮದುವೆ ಅಸಿಂಧುವಾಗುವುದಿಲ್ಲ. ಹಾಗಂತ ತಡ ಮಾಡಬೇಡಿ. ಜೀವನಾಂಶಕ್ಕೋ ಪಿಂಚಣಿಗೋ ಓಡಾಡುವ ಹೊತ್ತಿಗೆ ಪುರೋಹಿತರೂ ಇರುವುದಿಲ್ಲ, ಫೋಟೊನೂ ಇರುವುದಿಲ್ಲ. ಪ್ರಮಾಣಪತ್ರ ಕೈಗೆ ಬಂದಾಗ ಎರಡು ದೃಢೀಕೃತ ಪ್ರತಿ ತೆಗೆಸಿ, ಒಂದನ್ನು ಹುಡುಗಿಯ ತವರಿನಲ್ಲಿ ಇಡಿಸಿ.