ಸ್ಟೇರಿಂಗ್ ಚಕ್ರವಿಲ್ಲದ ಕಾರನ್ನು 48 ಗಂಟೆ ಓಡಿಸುವುದು ಹೇಗೆ: ಎಮಿಲ್ ಲೆವಾಸೊರ್ ದಾರಿ

ಮೊದಲು ರೇಸಿನ ನಿಯಮ ಓದಿ. ಗಾಡಿ ಕಡೆ ಆಮೇಲೆ ಹೋಗೋಣ.

ಯಾಕೆ ಅಂದರೆ, 1895ರ ಜೂನ್‌ನಲ್ಲಿ ನಡೆದ ಪ್ಯಾರಿಸ್–ಬೋರ್ಡೋ–ಪ್ಯಾರಿಸ್ ರೇಸ್‌ನಲ್ಲಿ ಎಮಿಲ್ ಲೆವಾಸೊರ್ ಎಲ್ಲರಿಗಿಂತ ಮುಂಚೆ ಬಂದ. ಎರಡನೆಯವನು ಬರುವಷ್ಟರಲ್ಲಿ ಇನ್ನೂ ಸುಮಾರು ಆರು ಗಂಟೆ ಕಳೆದಿತ್ತು. ಆದರೂ ಮೊದಲ ಬಹುಮಾನ ಅವನಿಗೆ ಸಿಗಲಿಲ್ಲ. ಅದು ನಾಲ್ಕು ಸೀಟಿನ ಗಾಡಿಗೆ ಮೀಸಲು, ಇವನದು ಎರಡೇ ಸೀಟು. 31,500 ಫ್ರಾಂಕ್ ಹೋಗಿದ್ದು ಇವನಿಗಿಂತ 11 ಗಂಟೆ ಜಾಸ್ತಿ ತೆಗೆದುಕೊಂಡ ಪೋಲ್ ಕೆಕ್ಲಾಂ ಎಂಬಾತನಿಗೆ. ಇದರಲ್ಲಿ ಮೋಸ ಏನೂ ಇಲ್ಲ, ನಿಯಮ ಮೊದಲೇ ಇತ್ತು. ಹಾಗಾದರೆ ಲೆವಾಸೊರ್ ಎರಡು ಸೀಟಿನ ಗಾಡಿ ಯಾಕೆ ತಂದ? ನನಗೆ ಅನ್ನಿಸುವುದು ಇಷ್ಟೇ: ಅವನು ಕಾರು ಮಾಡಿ ಮಾರುವವನು. ಅವನಿಗೆ ಬಹುಮಾನದ ದುಡ್ಡಿಗಿಂತ ತನ್ನ ಗಾಡಿ ಕೆಡದೆ ಓಡುತ್ತದೆ ಅಂತ ಇಡೀ ಫ್ರಾನ್ಸ್‌ಗೆ ತೋರಿಸುವುದು ಮುಖ್ಯವಾಗಿತ್ತು. ನಿಮಗೆ ದುಡ್ಡೇ ಬೇಕಿದ್ದರೆ ನಾಲ್ಕು ಸೀಟಿನದು ತನ್ನಿ.

ಈ ಕಾಲದಲ್ಲಿ ಇಂಥ ಗಾಡಿ ಓಡಿಸುವುದನ್ನು ಕಲಿತು ಏನು ಮಾಡುವುದು ಅಂತ ಕೇಳಬಹುದು. ಲಂಡನ್‌ನಿಂದ ಬ್ರೈಟನ್‌ಗೆ ಪ್ರತಿ ನವೆಂಬರ್‌ನಲ್ಲಿ ಒಂದು ಓಟ ನಡೆಯುತ್ತದೆ. 1905ಕ್ಕೆ ಮೊದಲು ತಯಾರಾದ ಗಾಡಿಗಳಿಗೆ ಮಾತ್ರ ಅಲ್ಲಿ ಪ್ರವೇಶ. ಸ್ಟೇರಿಂಗ್ ಬದಲು ಹಿಡಿಕೆ ಇರುವ ಗಾಡಿಗಳು ಅಲ್ಲಿ ಈಗಲೂ ಓಡುತ್ತವೆ. ಅಂಥದ್ದು ಕೈಗೆ ಸಿಗದಿದ್ದರೂ ಪರವಾಗಿಲ್ಲ. ಲೆವಾಸೊರ್ ಏನು ಮಾಡಿದ ಅಂತ ಅರ್ಥವಾಗಬೇಕಾದರೆ ಆ ಸೀಟಿನಲ್ಲಿ ಕೂತು ಯೋಚಿಸಿದರೇ ಸರಿ. ಸುಮ್ನೆ "ಮೊದಲ ರೇಸ್ ಹೀರೋ" ಅಂತ ಓದಿಕೊಂಡು ಹೋದರೆ ಏನೂ ದಕ್ಕುವುದಿಲ್ಲ.

ಎರಡನೇ ಕೆಲಸ, ಗಾಡಿಯನ್ನು ನೀವೇ ಮಾಡಿ. ತಮಾಷೆ ಅಲ್ಲ. ಲೆವಾಸೊರ್ ಹುಟ್ಟಿದ್ದು 1843ರಲ್ಲಿ, ಅಂದರೆ ರೇಸ್ ದಿನ ಅವನಿಗೆ 52 ವರ್ಷ. ಓದಿದ್ದು ಎಂಜಿನಿಯರಿಂಗ್. ಮರ ಕೊಯ್ಯುವ ಯಂತ್ರಗಳನ್ನು ಮಾಡುವ ಕಂಪನಿಯಲ್ಲಿ ಕೆಲಸ ಮಾಡುತ್ತಾ ರೆನೆ ಪನಾರ್ ಜೊತೆ ಪಾಲುದಾರನಾದ. ಜರ್ಮನಿಯ ಡೈಮ್ಲರ್ ಎಂಜಿನ್‌ಗೆ ಫ್ರಾನ್ಸ್‌ನಲ್ಲಿ ಲೈಸೆನ್ಸ್ ಇದ್ದದ್ದು ಎಡುವಾರ್ ಸರಾಜಾಂ ಎಂಬಾತನ ಬಳಿ. ಆತ 1887ರಲ್ಲಿ ತೀರಿಕೊಂಡ. ಆಗ ಹೆಂಡತಿ ಲೂಯಿಸ್ ಕೈಕಟ್ಟಿ ಕೂರಲಿಲ್ಲ. ತಾನೇ ಡೈಮ್ಲರ್ ಹತ್ತಿರ ಹೋಗಿ ಮಾತಾಡಿ ಆ ಹಕ್ಕನ್ನು ಉಳಿಸಿಕೊಂಡಳು. 1890ರಲ್ಲಿ ಅವಳು ಲೆವಾಸೊರ್‌ನನ್ನು ಮದುವೆಯಾದಳು. ಕಾರಿನ ಚರಿತ್ರೆ ಬರೆಯುವವರು ಈ ಹೆಂಗಸಿಗೆ ಒಂದು ಸಾಲು ಕೊಟ್ಟು ಮುಂದೆ ಹೋಗುತ್ತಾರೆ, ಆದರೆ ಅವಳು ಇಲ್ಲದಿದ್ದರೆ ಆ ಕಾರ್ಖಾನೆಗೆ ಎಂಜಿನ್ನೇ ಬರುತ್ತಿತ್ತೋ ಇಲ್ಲವೋ.

ಎಂಜಿನ್ ಎಲ್ಲಿಡಬೇಕು ಅನ್ನುವುದು ಆಗಿನ ದೊಡ್ಡ ಪ್ರಶ್ನೆ. ಕೆಲವರು ಸೀಟಿನ ಕೆಳಗೆ ಇಡುತ್ತಿದ್ದರು, ಕೆಲವರು ಹಿಂದೆ. ಲೆವಾಸೊರ್ 1891ರಲ್ಲಿ ಅದನ್ನು ಮುಂದಕ್ಕೆ ತಂದ. ಮುಂದೆ ಎಂಜಿನ್, ಅದರ ಹಿಂದೆ ಕ್ಲಚ್, ಆಮೇಲೆ ಗೇರ್‌ಬಾಕ್ಸ್, ಕೊನೆಗೆ ಹಿಂದಿನ ಚಕ್ರಕ್ಕೆ ಶಕ್ತಿ. ಮುಂದಿನ ಎಷ್ಟೋ ದಶಕ ಪ್ರಪಂಚದ ಹೆಚ್ಚಿನ ಕಾರುಗಳು ಬಂದದ್ದು ಇದೇ ಸಾಲಿನಲ್ಲಿ. ಇನ್ನೊಂದು ವಿಷಯ. ಆ ರೇಸ್‌ನಲ್ಲಿ ಇವನಿಗೆ ಪೈಪೋಟಿ ಕೊಟ್ಟ ಪ್ಯೂಜೊ ಗಾಡಿಗಳ ಎಂಜಿನ್‌ಗಳನ್ನೂ ಮಾಡಿಕೊಟ್ಟದ್ದು ಇವನದೇ ಕಾರ್ಖಾನೆ! ಹಾಗಾಗಿ ದಾರಿಯಲ್ಲಿ ಏನು ಕೆಡಬಹುದು ಅಂತ ಅವನಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ನೀವೇ ಮಾಡಿ ಅಂದದ್ದು ಇದಕ್ಕೆ.

ಈಗ ಸ್ಟಾರ್ಟ್ ಮಾಡೋಣ. ಕೀ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ. ಎಂಜಿನ್‌ಗೆ ಎರಡು ಸಿಲಿಂಡರ್. ಪ್ರತಿ ಸಿಲಿಂಡರ್‌ನಿಂದ ಹೊರಗೆ ಚಾಚಿದ ಸಣ್ಣ ಪ್ಲಾಟಿನಂ ಕೊಳವೆ ಇರುತ್ತದೆ, ಅದರ ಕೆಳಗೆ ಪೆಟ್ರೋಲ್‌ನಿಂದ ಉರಿಯುವ ಬರ್ನರ್. ಬೆಂಕಿ ಹಚ್ಚಿ. ಕೊಳವೆ ಕೆಂಪಗೆ ಕಾಯುವವರೆಗೆ ಕಾಯಿರಿ. ಒಳಗೆ ಒತ್ತಿ ಬಂದ ಪೆಟ್ರೋಲ್ ಹಬೆ ಆ ಬಿಸಿ ಕೊಳವೆಗೆ ತಾಗಿ ಹೊತ್ತಿಕೊಳ್ಳುತ್ತದೆ, ಅದರಿಂದ ಪಿಸ್ಟನ್ ಓಡುತ್ತದೆ. ಕೊಳವೆ ಕಾದ ಮೇಲೆ ಮುಂದೆ ಹೋಗಿ ಹ್ಯಾಂಡಲ್ ತಿರುಗಿಸಿ. ಎಂಜಿನ್ ಹತ್ತಿತು ಅಂತ ಖುಷಿಪಡುವ ಮೊದಲು ಬೆಂಕಿಪೊಟ್ಟಣ ಜೇಬಿನಲ್ಲಿದೆಯೇ ನೋಡಿಕೊಳ್ಳಿ. ಜೋರು ಗಾಳಿ ಬೀಸಿದರೆ ಬರ್ನರ್ ಆರಿಹೋಗುತ್ತದೆ, ಬರ್ನರ್ ಆರಿ ಕೊಳವೆ ತಣ್ಣಗಾದರೆ ಎಂಜಿನ್ ನಿಲ್ಲುತ್ತದೆ, ನೀವು ಇಳಿದು ಗಾಳಿಗೆ ಬೆನ್ನು ಕೊಟ್ಟು ಮತ್ತೆ ಹಚ್ಚಬೇಕು. ಪಕ್ಕದಲ್ಲೇ ಪೆಟ್ರೋಲ್ ಇದೆ ಅನ್ನುವುದು ನೆನಪಿರಲಿ.

ಸಿಲಿಂಡರ್‌ಗಳ ಅಳತೆ ಸುಮಾರು 1,200 ಸಿಸಿ, ಶಕ್ತಿ ಸುಮಾರು 4 ಎಚ್‌ಪಿ. ಈಗಿನ 100 ಸಿಸಿ ಬೈಕ್‌ಗೂ ಇದರ ಎರಡರಷ್ಟು ಇರುತ್ತದೆ. ಹಾಗಾಗಿ ಅವಸರ ಬೇಡ. ಎಂಜಿನ್ ಒಂದು ಮಟ್ಟಕ್ಕಿಂತ ಜೋರಾಗಿ ತಿರುಗದಂತೆ ಗವರ್ನರ್ ಎಂಬ ಭಾಗ ತಡೆಯುತ್ತದೆ. ವೇಗ ಬೇಕಿದ್ದರೆ ಗೇರ್ ಬದಲಿಸುವುದೇ ದಾರಿ. ಹಲ್ಲಿಗೆ ಹಲ್ಲು ಸರಿಯಾಗಿ ಕೂರುವವರೆಗೆ ಕರಕರ ಸದ್ದು ಬರುತ್ತದೆ, ಬರಲಿ ಬಿಡಿ. ಗಟ್ಟಿಯಾಗಿ, ಒಂದೇ ಸಲಕ್ಕೆ ತಳ್ಳಿ. ಅರೆಮನಸ್ಸಿನಿಂದ ತಳ್ಳಿದರೆ ಹಲ್ಲು ಮುರಿಯುತ್ತದೆ.

ಹಿಡಿಕೆ ವಿಷಯಕ್ಕೆ ಬಂದರೆ, ಇದೇ ಅತ್ಯಂತ ಸುಸ್ತು ಮಾಡುವ ಕೆಲಸ. ದೋಣಿ ತಿರುಗಿಸುವ ಚುಕ್ಕಾಣಿಯ ಥರದ ಒಂದು ಕಬ್ಬಿಣದ ಕೋಲು ಅದು. ಮುಂದಿನ ಚಕ್ರ ಕಲ್ಲಿಗೆ ತಾಗಿದರೆ ಏಟು ನೇರ ನಿಮ್ಮ ಮಣಿಕಟ್ಟಿಗೆ. ಬಿಗಿಯಾಗಿ ಹಿಡಿಯಬೇಕು, ಸ್ವಲ್ಪವೇ ಅಲ್ಲಾಡಿಸಬೇಕು. ವೇಗದಲ್ಲಿದ್ದಾಗ ಒಮ್ಮೆಲೇ ಎಳೆದರೆ ಗಾಡಿ ಪಲ್ಟಿ. ಇದಕ್ಕಿಂತ ಒಳ್ಳೆಯ ಉಪಾಯ ಆಗಲೇ ಇತ್ತು ಅಲ್ವಾ ಅಂದರೆ, ಹೌದು, ಇತ್ತು. ಒಂದು ವರ್ಷದ ಹಿಂದೆ, 1894ರ ಪ್ಯಾರಿಸ್–ರುವಾನ್ ಸ್ಪರ್ಧೆಯಲ್ಲಿ ವಾಶೆರೋಂ ಎಂಬಾತ ಇದೇ ಪನಾರ್ ಕಂಪನಿಯ ಗಾಡಿಗೆ ಚಕ್ರ ಹಾಕಿಸಿಕೊಂಡು ಓಡಿಸಿದ್ದ. ಲೆವಾಸೊರ್ ಮಾತ್ರ ತನ್ನ ರೇಸ್ ಗಾಡಿಗೆ ಹಿಡಿಕೆಯನ್ನೇ ಇಟ್ಟುಕೊಂಡ. ಇಷ್ಟು ಬುದ್ಧಿವಂತ ಮನುಷ್ಯ ಇದೊಂದರಲ್ಲಿ ಯಾಕೆ ಹಟ ಹಿಡಿದನೋ!

ಟೈರ್‌ಗೆ ಗಟ್ಟಿ ರಬ್ಬರ್ ಸಾಕು. ಗಾಳಿ ತುಂಬಿದ ಟೈರ್ ಹಾಕಿ ಅಂತ ಟೈರ್ ಮಾಡುವ ಮಿಶೆಲಾಂ ಅಣ್ಣತಮ್ಮಂದಿರು ಹೇಳುತ್ತಾರೆ, ಅದೇ ರೇಸ್‌ಗೆ ಗಾಳಿ ಟೈರ್ ಹಾಕಿದ ಗಾಡಿಯಲ್ಲಿ ಅವರೇ ಬಂದಿದ್ದರು. ಪಂಕ್ಚರ್ ಮೇಲೆ ಪಂಕ್ಚರ್ ಆಗಿ, ತಂದಿದ್ದ ಟ್ಯೂಬೆಲ್ಲ ಖಾಲಿಯಾಗಿ, ಎಲ್ಲರಿಗಿಂತ ಎಷ್ಟೋ ಹಿಂದೆ ಉಳಿದರು. ಮುಂದೆ ಗೆದ್ದದ್ದು ಅವರ ಮಾತೇ, ಆದರೆ ಈ ಸಲಕ್ಕೆ ಬೇಡ.

ಹೊರಡುವುದು ಪ್ಯಾರಿಸ್ ಪಕ್ಕದ ವರ್ಸೈಲ್ಸ್‌ನಿಂದ, ಜೂನ್ 11ರ ಮಧ್ಯಾಹ್ನ 12 ದಾಟಿದ ಮೇಲೆ. ಹೋಗಿ ಬರುವ ದಾರಿ 1,178 ಕಿಲೋಮೀಟರ್. ಪೆಟ್ರೋಲ್ ಗಾಡಿಗಳ ಜೊತೆ ಹಬೆ ಗಾಡಿಗಳೂ ಇವೆ, ಒಂದು ಎಲೆಕ್ಟ್ರಿಕ್ ಕೂಡ. ಶುರುವಿನಲ್ಲಿ ಡಿ ಡಿಯಾನ್ ಎಂಬಾತನ ಹಬೆ ಗಾಡಿ ನಿಮ್ಮನ್ನು ದಾಟಿ ಹೋಗುತ್ತದೆ. ಹೋಗಲಿ. ಅದನ್ನು ಬೆನ್ನಟ್ಟಬೇಡಿ. ಹಬೆ ಗಾಡಿಗೆ ನೀರು ಬೇಕು, ಇದ್ದಿಲು ಬೇಕು, ಅದಕ್ಕೆಲ್ಲ ನಿಲ್ಲಬೇಕು. ನಿಜಕ್ಕೂ ಅದು ದಾರಿಯಲ್ಲೇ ಕೆಟ್ಟು ನಿಂತಿತು. ಇಡೀ ಓಟ ಮುಗಿಸಿದ ಒಂಬತ್ತು ಗಾಡಿಗಳಲ್ಲಿ ಹಬೆಯದು ಒಂದೇ ಒಂದು.

ಗುಟ್ಟು ಇರುವುದು ಇಲ್ಲಿ. ಲೆವಾಸೊರ್‌ನ ಗಾಡಿ ಎಷ್ಟೇ ಜೋರು ಅಂದರೂ ಗಂಟೆಗೆ 30 ಕಿಲೋಮೀಟರ್ ಆಸುಪಾಸು. ಸರಾಸರಿ 24. ವೇಗದಿಂದ ಆರು ಗಂಟೆ ಅಂತರ ಹುಟ್ಟುವುದಿಲ್ಲ, ನಿಲ್ಲದೇ ಇರುವುದರಿಂದ ಹುಟ್ಟುತ್ತದೆ. ಅವನು ಅತಿ ಹೆಚ್ಚು ನಿಂತದ್ದು 22 ನಿಮಿಷ ಅಂತ ಹೇಳುತ್ತಾರೆ. ನೀರು, ಎಣ್ಣೆ, ಪೆಟ್ರೋಲ್ ಎಲ್ಲಿ ಸಿಗುತ್ತದೆ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ, ಪಕ್ಕದಲ್ಲಿ ಮೆಕ್ಯಾನಿಕ್ ಒಬ್ಬ ಇರಲಿ, ನಿಂತಾಗ ಇಬ್ಬರೂ ಒಟ್ಟಿಗೆ ಇಳಿದು ಕೆಲಸ ಮುಗಿಸಿ.

ರಾತ್ರಿ ಎಣ್ಣೆ ದೀಪದ ಬೆಳಕಿನಲ್ಲಿ ಓಡಿಸಬೇಕು. ಬೆಳಕು ನಾಲ್ಕು ಹೆಜ್ಜೆ ಮುಂದಕ್ಕೂ ನೆಟ್ಟಗೆ ಬೀಳುವುದಿಲ್ಲ. ಬೆಳಗಿನ ಜಾವ ಮೂರೂವರೆ ಹೊತ್ತಿಗೆ ರುಫೆಕ್ ಊರು. ಅಲ್ಲಿ ಗಾಡಿಯನ್ನು ಇನ್ನೊಬ್ಬ ಡ್ರೈವರ್ ಕೈಗೆ ಕೊಡಬೇಕು ಅಂತ ಮಾತಾಗಿತ್ತು. ಆದರೆ ಲೆವಾಸೊರ್ ಲೆಕ್ಕ ಮೀರಿ ಬೇಗ ಬಂದುಬಿಟ್ಟ, ಆ ಡ್ರೈವರ್ ಇನ್ನೂ ಮಲಗಿದ್ದ. ನಾವಾಗಿದ್ದರೆ ಎಬ್ಬಿಸಿ, ಬೈದು, ಕಾಫಿ ಕುಡಿದು ಕೂರುತ್ತಿದ್ದೆವು. ಇವನು ಕಾಯದೆ ಮುಂದಕ್ಕೆ ಓಡಿಸಿದ. ಬೆಳಗ್ಗೆ ಹತ್ತೂವರೆ ಸುಮಾರಿಗೆ ಬೋರ್ಡೋ ಮುಟ್ಟಿ, ಸ್ವಲ್ಪವೇ ತಿಂದು, ಗಾಡಿ ತಿರುಗಿಸಿ ಹೊರಟ. ಉಳಿದವರು ಇನ್ನೂ ಬೋರ್ಡೋ ಕಡೆಗೆ ಎದುರಿನಿಂದ ಬರುತ್ತಿದ್ದರು. ವಾಪಸ್ ಬರುವಾಗ ರುಫೆಕ್‌ನಲ್ಲೂ ಹಿಡಿಕೆ ಬಿಡಲಿಲ್ಲ. ಈ ಒಂದು ಭಾಗವನ್ನು ಮಾತ್ರ ದಯವಿಟ್ಟು ನಮ್ಮ ಹೈವೇಯಲ್ಲಿ ಪ್ರಯೋಗ ಮಾಡಬೇಡಿ. ಅವನ ರಸ್ತೆಯಲ್ಲಿ ಲಾರಿ ಇರಲಿಲ್ಲ, ಮತ್ತು ಅವನ ಗಾಡಿ ಸೈಕಲ್‌ಗಿಂತ ಅಷ್ಟೇನೂ ಜೋರಾಗಿ ಹೋಗುತ್ತಿರಲಿಲ್ಲ.

ಜೂನ್ 13ರ ಮಧ್ಯಾಹ್ನ ಒಂದಕ್ಕೆ ಇನ್ನೂ ಮೂರು ನಿಮಿಷ ಇರುವಾಗ ಪ್ಯಾರಿಸ್. ಒಟ್ಟು 48 ಗಂಟೆ 48 ನಿಮಿಷ. ಬಂದ ಮೇಲೆ ಸೂಪು, ಮೊಟ್ಟೆ, ಎರಡು ಗ್ಲಾಸ್ ಶಾಂಪೇನ್ ತೆಗೆದುಕೊಂಡನಂತೆ. ರಾತ್ರಿ ಹೊತ್ತು ಇಂಥ ವೇಗದಲ್ಲಿ ರೇಸ್ ಇಡುವುದು ಹುಚ್ಚುತನ ಅಂತಲೂ ಹೇಳಿದನಂತೆ. ಗೆದ್ದವನೇ ಹೀಗೆ ಹೇಳಿದರೆ ನಂಬಲೇಬೇಕು.

ಕೊನೆಯದಾಗಿ, ನಾಯಿ ಅಡ್ಡ ಬಂದರೆ ಏನು ಮಾಡಬೇಕು. ಬ್ರೇಕ್ ಹಿಡಿಯಿರಿ, ಹಿಡಿಕೆ ಎಳೆಯಬೇಡಿ. ಮುಂದಿನ ವರ್ಷ, 1896ರ ಪ್ಯಾರಿಸ್–ಮಾರ್ಸೇ–ಪ್ಯಾರಿಸ್ ಓಟದಲ್ಲಿ ಓರಾಂಜ್ ಹತ್ತಿರ ನಾಯಿಯೊಂದನ್ನು ತಪ್ಪಿಸಲು ಹೋಗಿ ಲೆವಾಸೊರ್‌ನ ಗಾಡಿ ಮಗುಚಿತು, ಅವನಿಗೆ ಜೋರು ಪೆಟ್ಟಾಯಿತು. ಆ ರೇಸನ್ನು ಗೆದ್ದದ್ದು ಅವನದೇ ಕಂಪನಿಯ ಇನ್ನೊಂದು ಗಾಡಿ, ಓಡಿಸಿದವನು ಮಯಾದ್. ಲೆವಾಸೊರ್ 1897ರ ಏಪ್ರಿಲ್ 14ರಂದು ತೀರಿಕೊಂಡ. ಆ ಪೆಟ್ಟಿನಿಂದ ಅವನು ಪೂರ್ತಿ ಚೇತರಿಸಿಕೊಂಡಿರಲಿಲ್ಲ ಅಂತ ಸಾಮಾನ್ಯವಾಗಿ ಹೇಳುತ್ತಾರೆ.

ಪ್ಯಾರಿಸ್‌ಗೆ ಹೋಗುವವರು ಪೋರ್ಟ್ ಮಾಯೋ ಹತ್ತಿರದ ಅವನ ಸ್ಮಾರಕ ನೋಡಿ ಬನ್ನಿ. ಅನಾವರಣ ಆಗಿದ್ದು 1907ರಲ್ಲಿ. ಕಲ್ಲಿನ ಕಮಾನಿನೊಳಗಿಂದ ಗಾಡಿ ಓಡಿಸಿಕೊಂಡು ಬರುತ್ತಿರುವ ಹಾಗೆ ಅವನನ್ನು ಕೆತ್ತಿದ್ದಾರೆ. ಮೆಟ್ರೋ ಸ್ಟೇಷನ್ ಹೆಸರೂ ಅದೇ, ಹುಡುಕುವುದು ಕಷ್ಟವಿಲ್ಲ.