36ಕ್ಕೆ ವೀಣೆ ಹಿಡಿದವಳು ಪ್ರವೇಶ ಪರೀಕ್ಷೆಗೆ ಕೂತದ್ದು

ನಾನು ವೀಣೆ ಕಲಿಯಲು ಶುರುಮಾಡಿದ್ದು 36ನೇ ವಯಸ್ಸಿಗೆ, ಮಂಡ್ಯದಲ್ಲಿ. 41ಕ್ಕೆ ಮೈಸೂರಿನ ಒಂದು ಸಂಗೀತ ಕಾಲೇಜಿಗೆ ಅರ್ಜಿ ಹಾಕಿದೆ. ಪರೀಕ್ಷೆಗೆ ನಾಲ್ಕು ತಿಂಗಳಿತ್ತು.

ಮೊದಲ ತಿಂಗಳು ದಂಡವಾಯಿತು. ಎಷ್ಟು ಕೃತಿ ಬಂದರೆ ಅಷ್ಟು ಒಳ್ಳೆಯದು ಅಂದುಕೊಂಡು ಹೊಸ ಹೊಸದನ್ನು ಕಲಿಯುತ್ತಾ ಹೋದೆ. ಒಂದು ಸಂಜೆ ಮೇಷ್ಟ್ರು ನಿಲ್ಲಿಸಿ, “ವೀಣೆ ಪಕ್ಕಕ್ಕಿಡಮ್ಮ. ಮೋಹನ ವರ್ಣ ತಾಳ ಹಾಕ್ಕೊಂಡು ಹಾಡು, ನೋಡೋಣ” ಅಂದರು. ವರ್ಣ ಅಂದರೆ ರಾಗದ ಲಕ್ಷಣ ಕಲಿಸುವ ರಚನೆ, ಇದು ಮೋಹನ ರಾಗದ್ದು. ಎರಡನೇ ಕಾಲಕ್ಕೆ, ಅಂದರೆ ಇಮ್ಮಡಿ ವೇಗಕ್ಕೆ ಬರುವಷ್ಟರಲ್ಲಿ ತಾಳ ಬಿಟ್ಟುಹೋಯಿತು. ಐದು ವರ್ಷ ಬೆರಳಿನ ರೂಢಿಯ ಮೇಲೇ ನುಡಿಸಿಕೊಂಡು ಬಂದಿದ್ದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮಾರನೇ ದಿನದಿಂದ ಪಾಠ ಇಳಿಸಿದೆ. ಒಂದು ವರ್ಣ, ಎರಡು ಕೃತಿ, ಏಳು ತಾಳಗಳ ಸ್ವರಾಭ್ಯಾಸವಾದ ಸಪ್ತತಾಳ ಅಲಂಕಾರ, ಅಷ್ಟೇ. ಬೆಳಗ್ಗೆ ಐದಕ್ಕೆ ಎದ್ದು ಮಗಳು ಏಳುವವರೆಗೂ ಅಲಂಕಾರ, ಮೂರೂ ಕಾಲದಲ್ಲಿ. ಒಂದು ದಿನ ಮಾಯಾಮಾಳವಗೌಳ ರಾಗ, ಒಂದು ದಿನ ಕಲ್ಯಾಣಿ, ಒಂದು ದಿನ ಮೋಹನ. ಮೋಹನದಲ್ಲಿ ಮಧ್ಯಮವೂ ನಿಷಾದವೂ ಇಲ್ಲ. ಗಾಂಧಾರದಿಂದ ಪಂಚಮಕ್ಕೆ ಜಿಗಿಯುವಾಗೆಲ್ಲ ನನ್ನ ಕಾಲಪ್ರಮಾಣ, ಅಂದರೆ ನುಡಿಸುವ ವೇಗ, ಓಡುತ್ತಿತ್ತು. ಆ ಜಿಗಿತ ಒಂದನ್ನೇ ದಿನಕ್ಕೆ ನೂರು ಸಲ ನುಡಿಸಿದ್ದೂ ಉಂಟು. ಎಡಗೈಯ ಎರಡು ಬೆರಳ ತುದಿಯಲ್ಲಿ ತಂತಿಯ ಗೆರೆ ಆಳವಾಗಿ ಕೂತಿತು. ಒಂದು ಹನಿ ಕೊಬ್ಬರಿ ಎಣ್ಣೆ ಸವರಿಕೊಂಡರೆ ಬೆರಳು ಜಾರುತ್ತದೆ, ಉರಿಯೂ ಕಡಿಮೆ. ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಾ ವರ್ಣ ಗುನುಗುತ್ತಿದ್ದೆ.

ಪರೀಕ್ಷೆ ಮೇ ತಿಂಗಳಲ್ಲಿ. ವೀಣೆ ಶೇಷಣ್ಣನವರು (1852–1926) ನುಡಿಸಿದ ಊರಿನಲ್ಲಿ ವೀಣೆ ಹಿಡಿದು ಕೂರಬೇಕಲ್ಲ ಅನ್ನುವ ಅಳುಕು ಬೇರೆ. ವೀಣೆಯ ಕತ್ತಿನ ಕೆಳಗಿನ ಬುರುಡೆ ಬಿಚ್ಚಿ ಬೇರೆ ಚೀಲಕ್ಕೆ ಹಾಕಿಕೊಂಡು ಬೆಳಗಿನ ರೈಲು ಹತ್ತಿದೆ. ನನ್ನ ಸರದಿ ಬಂದದ್ದು ಮಧ್ಯಾಹ್ನ ಎರಡಕ್ಕೆ. ಅಲ್ಲಿಯವರೆಗೂ ವೀಣೆ ಕಿಟಕಿ ಪಕ್ಕ ಇತ್ತು, ಬಿಸಿಲು ಅದರ ಮೇಲೆ ತಿರುಗಿದ್ದನ್ನು ನಾನು ಗಮನಿಸಲಿಲ್ಲ. ಸ್ವರಕ್ಕಾಗಿ ತಂತಿ ಒತ್ತುವ ಪಟ್ಟಿಗಳೇ ಮೆಟ್ಟಿಲು; ವೀಣೆಯ 24 ಮೆಟ್ಟಿಲೂ ಕೂತಿರುವುದು ಮೇಣದ ಮೇಲೆ. ಒಳಗೆ ಹೋಗಿ ಶ್ರುತಿ ಮಾಡಿ ಒಂದು ಸಲ ಮೇಲಕ್ಕೆ ಹೋಗಿ ಬಂದೆ. ತಾರಸ್ಥಾಯಿಯ, ಅಂದರೆ ಮೇಲಿನ ಸ್ಥಾಯಿಯ ಗಾಂಧಾರ ಅಪಸ್ವರ! ಮೇಣ ಮೆತ್ತಗಾಗಿ ಮೆಟ್ಟಿಲು ಜರುಗಿತ್ತು.

ಎದೆ ಬಾಯಿಗೆ ಬಂತು. ಆದರೆ ಗಾಂಧಾರ ಎಲ್ಲಿರಬೇಕು ಅನ್ನುವುದು ಮೂರು ತಿಂಗಳು ಹಾಡಿ ಹಾಡಿ ಕಿವಿಯಲ್ಲಿ ಕೂತಿತ್ತು. ಆ ಮೆಟ್ಟಿಲು ಮುಟ್ಟಲೇ ಇಲ್ಲ. ರಿಷಭದ ಮೆಟ್ಟಿಲಿನಲ್ಲೇ ತಂತಿ ಎಳೆದು ಗಾಂಧಾರ ತಂದುಕೊಂಡೆ. ಮೊದಲ ಸಲ ಸ್ವಲ್ಪ ಕೆಳಗೇ ನಿಂತಿತು, ಎರಡನೇ ಸಲ ಸರಿಹೋಯಿತು. ವರ್ಣ ಮುಗಿದ ಮೇಲೆ ಚರಣ ಹಾಡಲು ಹೇಳಿದರು, ಹಾಡಿದೆ. ಮಿಶ್ರಛಾಪು ತಾಳ ಹಾಕಿಸಿದರು.

ಏಳುವಾಗ ಪರೀಕ್ಷಕರಲ್ಲಿ ಹಿರಿಯರೊಬ್ಬರು, “ಮೇಲಿನ ಗಾಂಧಾರದ ಮೆಟ್ಟಿಲು ಜರುಗಿದೆ ಅಲ್ವೇನಮ್ಮ?” ಅಂದರು.

“ಹೌದು ಸರ್.”

“ಎಳೆದು ನುಡಿಸಿದ್ದು ಕೇಳಿಸ್ತು. ಮೇಳ ಕಟ್ಟಿಸಿಬಿಡಿ.”

ಜೂನ್‌ನಲ್ಲಿ ಸೀಟು ಸಿಕ್ಕಿತು. ತರಗತಿ ಶುರುವಾಗುವ ಮೊದಲು ಮೇಳ ಕಟ್ಟಿಸಿದೆ, ಅಂದರೆ ಮೆಟ್ಟಿಲುಗಳನ್ನು ಮೇಣದಲ್ಲಿ ಮತ್ತೆ ಸರಿಯಾಗಿ ಕೂರಿಸಿಕೊಂಡೆ.